ಬಾಯ್ಲರಿನ ಹಲ್ಲು

1998ರ ಮಾರ್ಚ್ 12, ಗುರುವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ. ಬಾಯ್ಲರ್ ಕೈಪಿಡಿಯ ಕೊನೆಯ ಪುಟವನ್ನು ಸ್ಪ್ಯಾನಿಷಿಗೆ ತಂದು ಮುಗಿಸಿ, ಗಾಜಿನ ಗೋಡೆಯ ಆಚೆ ನೋಡಿದೆ. ಅವಳು ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಂಡು, ಫ್ಯಾನಿನತ್ತ ಮುಖವೆತ್ತಿ ಏನೋ ಗೊಣಗುತ್ತಿದ್ದಳು.

ನಮ್ಮ ಅನುವಾದ ಕಚೇರಿಯಲ್ಲಿ ಒಂದು ಕಟ್ಟುಪಾಡಿತ್ತು. ನಾನು ಇಂಗ್ಲಿಷಿನಿಂದ ಸ್ಪ್ಯಾನಿಷಿಗೆ ಮಾಡಿದ್ದನ್ನು ಅವಳು ಮೂಲ ನೋಡದೆ ಮತ್ತೆ ಇಂಗ್ಲಿಷಿಗೆ ತರಬೇಕು. ಒಬ್ಬರೊಂದಿಗೊಬ್ಬರು ಮಾತಾಡುವಂತಿಲ್ಲ. ಎರಡು ಇಂಗ್ಲಿಷುಗಳು ಬೇರೆಯಾದರೆ ಮಾತ್ರ ಇಬ್ಬರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಬಗೆಹರಿಸುತ್ತಿದ್ದರು. ಆಫೀಸಿನವರ ಬಾಯಲ್ಲಿ ಅವಳು ರಿವರ್ಸ್ ಮೇಡಂ.

ನನ್ನ ಗ್ರಹಚಾರ ನೋಡಿ. ನಾನು ಬಲು ಎಚ್ಚರದ ಮನುಷ್ಯ, ಅವಳು ನನಗಿಂತ ಒಂದು ಕೈ ಮೇಲು. ವರ್ಷವಿಡೀ ನಮ್ಮ ನಡುವೆ ಒಂದು ತಪ್ಪೂ ಹುಟ್ಟಲಿಲ್ಲ, ಹಾಗಾಗಿ ಒಂದು ಮಾತೂ ಹುಟ್ಟಲಿಲ್ಲ. ಮರುದಿನ ಅವಳ ಒಪ್ಪಂದ ಮುಗಿಯುತ್ತಿತ್ತು. ಮುಂದುವರಿಸುವುದು ಬಿಡುವುದು ಕಚೇರಿ ನಡೆಸುತ್ತಿದ್ದ ಹೆಡ್ ಮೇಡಂ ಇಷ್ಟ.

ಆ ಕೈಪಿಡಿಯಲ್ಲಿ ನನ್ನ ನಿದ್ದೆ ಕೆಡಿಸಿದ್ದು 'ಸ್ಕೇಲ್' ಎಂಬ ಪದ. ಒಂದು ಕಡೆ ಅದು ಒತ್ತಡದ ಮೀಟರಿನ ಗೆರೆಗಳು; 'ಎಸ್ಕಾಲ' ಎಂದು ಬರೆದೆ. ಇನ್ನೊಂದು ಕಡೆ ಉಪ್ಪು ತೂಗುವ ತಕ್ಕಡಿ, 'ಬಲಾನ್ಸ' ಎಂದೆ. ಮತ್ತೊಂದು ಕಡೆ ಗಡಸು ನೀರು ಕುದ್ದು ಒಳಗೋಡೆಗೆ ಕಟ್ಟುವ ಬಿಳಿ ಕಿಟ್ಟ. ನಿಘಂಟು ಮೀನಿನ ಹುರುಪೆಯನ್ನೂ ಮುಂದೊಡ್ಡಿತ್ತು. ಅದನ್ನು ಬದಿಗೆ ಸರಿಸಿ, ಕಿಟ್ಟಕ್ಕೆ 'ಸಾರ್ರೊ' ಎಂದು ಹಾಕಿ ಬೀಗಿದ್ದೆ.

ಸಂಜೆ ನಾಲ್ಕಕ್ಕೆ ಹೆಡ್ ಮೇಡಂ ಕರೆ ಬಂತು. ಒಳಗೆ ಅವಳೂ ಇದ್ದಳು.

"ಆರು ತಿಂಗಳಿಗೊಮ್ಮೆ ಹಲ್ಲಿನ ಪಾಚಿ ತೆಗೆಸಿ, ಅಂತ ವಾಪಸ್ ಬಂದಿದೆ," ಎಂದರು ಹೆಡ್ ಮೇಡಂ. "ನಿಮ್ಮ ಬಾಯ್ಲರಿಗೆ ಹಲ್ಲು ಬಂದಿದೆ ಸಾರ್. ಇಬ್ಬರೂ ಕೂತು ಕೀಳಿ." ಬಾಗಿಲೆಳೆದುಕೊಂಡು ಹೋದರು.

"ಸಾರ್ರೊ ಅಂದ್ರೆ ಹಲ್ಲಿನ ಪಾಚಿನೂ ಹೌದು," ಎಂದೆ. "ಆದ್ರೆ ಹಿಂದೆ ಮುಂದೆ ಬರೀ ನೀರು, ಬೆಂಕಿ, ಪೈಪು. ನಿಮಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು."

"ಮತ್ತೆ?"

ಅವಳ ಕಣ್ಣು ನನ್ನ ಅಂಗಿಯ ಗುಂಡಿಯವರೆಗೆ ಬಂದು ಅಲ್ಲೇ ನಿಂತಿತು. "ನೀವು ಒಂದಾದ್ರೂ ತಪ್ಪು ಮಾಡ್ತೀರೇನೋ ಅಂತ ವರ್ಷಪೂರ್ತಿ ಕಾದೆ. ನೀವು ಆ ಪೈಕಿ ಅಲ್ಲ. ಕೊನೆಗೆ ನಾನೇ ಮಾಡ್ಬೇಕಾಯ್ತು."

"ಇದ್ರಿಂದ ಕೆಲಸ ಹೋದ್ರೆ?"

"ಹೋದ್ರೆ ರೂಲೂ ಹೋಗುತ್ತಲ್ಲ. ಆಮೇಲಾದ್ರೂ ಮಾತಾಡ್ತೀರಿ. ಮಾತಾಡೋಕೆ ಬರುತ್ತೆ ತಾನೆ?"

"ಮೂರು ಭಾಷೇಲಿ ಬರುತ್ತೆ."

"ಒಂದು ಸಾಕು."

ನೀರು ಕುಡಿಯಬೇಕೆನಿಸಿತು. ನೀರಿನ ಲೋಟ ಅವಳ ಕಡೆಗಿತ್ತು. ಕೇಳಲೂ ಧೈರ್ಯ ಬರಲಿಲ್ಲ. "ನಂಗೆ ನೀವಂದ್ರೆ ಇಷ್ಟ," ಎಂದೆ. "ಬಹಳ ದಿನದಿಂದ."

ಅವಳು ಲೋಟವನ್ನು ನನ್ನ ಕಡೆ ತಳ್ಳಿದಳು. "ಕುಡೀರಿ ಮೊದ್ಲು," ಎಂದಳು. ಆಮೇಲೆ ಮೆಲ್ಲಗೆ, "ನಂಗೂ."

ಒಪ್ಪಂದ ಮುಂದುವರಿಯಲಿಲ್ಲ. ಸ್ವಲ್ಪ ಹೊತ್ತಿಗೆ ವಾಪಸ್ ಬಂದು ಕೂತ ಹೆಡ್ ಮೇಡಂ ಪ್ರಕಾರ ಅಂಥ ತಪ್ಪು ಮಾಡುವವರು ಆ ಕುರ್ಚಿಗೆ ತಕ್ಕವರಲ್ಲ. ನಿಜ ಹೇಳಲು ನಾನು ಬಾಯಿ ತೆರೆದಾಗ, ಅವಳು ಮೇಜಿನ ಕೆಳಗೆ ನನ್ನ ಕಾಲು ತುಳಿದು ಸುಮ್ಮನಿರಿಸಿದಳು.

ಆ ಸಂಜೆ ಬಸ್ಸು ನಮ್ಮೆದುರೇ ಬಂದು ನಿಂತು ಹೋಯಿತು. ಇಬ್ಬರೂ ಹತ್ತಲಿಲ್ಲ. ಅವಳ ತವರಿನವರೆಗೂ ಮಾತಾಡುತ್ತಲೇ ನಡೆದೆವು. ಇಷ್ಟು ಬೇಗ ಮನೆ ಬಂತಾ ಅನ್ನಿಸಿತು. ಎಷ್ಟೋ ವರ್ಷದ ಮೇಲೆ, ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅದೇ ರಸ್ತೆಯಲ್ಲಿ ಹೋಗಿ ಮೀಟರ್ ನೋಡಿದೆ. 5.3 ಕಿಲೋಮೀಟರ್.