ಪೆಗ್ಗಿ ಸಿಸ್ಟರ್ ಗಡಿಯಾರ

ಹೆರಿಗೆ ವಾರ್ಡಿನ ಗಾಜಿನ ಪೆಟ್ಟಿಗೆ ಖಾಲಿಯಾಗಿತ್ತು.

ಮೊದಲು ನೋಡಿದ್ದು ಬೆಳಿಗ್ಗೆ ಧೂಳು ಒರೆಸಲು ಬಂದ ಆಯಮ್ಮ. ನೀಲಿ ಮಖಮಲ್ಲಿನ ಮೇಲೆ ದುಂಡನೆಯ ಗುರುತಷ್ಟೇ ಉಳಿದಿತ್ತು. ಪೆಗ್ಗಿ ಸಿಸ್ಟರ್ ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದ ಬೆಳ್ಳಿಯ ಗಡಿಯಾರ ಮಾಯ. ಊರಿನ ಅರ್ಧ ಜನ ಹುಟ್ಟಿದ ಗಳಿಗೆಯನ್ನು ಹೇಳಿದ್ದು ಅದೇ. ನಿವೃತ್ತಿಯ ದಿನ ಸಿಸ್ಟರ್ ತಮ್ಮ ಕೈಯಾರೆ ಅದನ್ನು ಒಳಗಿಟ್ಟು ಬೀಗ ಹಾಕಿದ್ದರು. ಹೋದ ವರ್ಷ ತೀರಿಕೊಂಡರು.

ಇನ್‌ಸ್ಪೆಕ್ಟರ್ ಬಂದು ಬೀಗ ನೋಡಿದಳು. ಒಡೆದಿರಲಿಲ್ಲ.

"ಕೀಲಿ ಎಲ್ಲಿರುತ್ತೆ?"

"ಸ್ಟೋರ್ ರೂಮಿನ ಮೊಳೇಲಿ" ಎಂದ ಸ್ಟೋರ್ ಕೀಪರ್. "ದಿನಾ ಅಲ್ಲಿ ಕಸ ಗುಡಿಸೋದು ಆಯಮ್ಮ. ನಾನೇನೂ ಹೇಳಲ್ಲಪ್ಪ."

ಹೇಳುವುದನ್ನೆಲ್ಲ ಹೇಳಿಯಾಗಿತ್ತು. ಆಯಮ್ಮ ಸೆರಗಿನ ತುದಿ ಹಿಂಡುತ್ತಾ ನಿಂತಳು. ಮಧ್ಯಾಹ್ನದ ಹೊತ್ತಿಗೆ ವಾರ್ಡಿನ ನರ್ಸುಗಳು ಅವಳೊಡನೆ ಮಾತು ಬಿಟ್ಟಿದ್ದರು.

*

ಗಡಿಯಾರ ಸಿಕ್ಕಿದ್ದು ಪೇಟೆಯ ರಿಪೇರಿ ಅಂಗಡಿಯಲ್ಲಿ.

"ಒಬ್ಬ ಗಂಡಸು ಕೊಟ್ಟುಹೋದ. ಹೆಲ್ಮೆಟ್ ತೆಗೀಲೇ ಇಲ್ಲ" ಎಂದ ಅಂಗಡಿಯವನು.

ಇನ್‌ಸ್ಪೆಕ್ಟರ್ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಮರಳಿದಳು. ಎಲ್ಲರನ್ನೂ ಕರೆಸಿ, ಮುಖ ಮೇಲಾಗಿ ಮೇಜಿನ ಮೇಲಿಟ್ಟಳು.

"ಇದು ಸಿಸ್ಟರದ್ದೇನಾ?"

ಆಯಮ್ಮ ಕಣ್ಣೊರೆಸಿಕೊಂಡು ಹೌದೆಂದು ತಲೆಯಾಡಿಸಿದಳು. ಸ್ಟೋರ್ ಕೀಪರ್ ಅಡ್ಡಬಾಯಿ ಹಾಕಿದ.

"ಅಲ್ಲ ಮೇಡಂ. ಅವರದಾಗಿದ್ರೆ ಹಿಂದೆ 'ಪಿ' ಅಂತಿರ್ಬೇಕಿತ್ತು. ಇದರಲ್ಲಿ 'ಎಂ' ಇದೆ. ಇನ್ಯಾರದೋ."

ಇನ್‌ಸ್ಪೆಕ್ಟರ್ ನಿಧಾನವಾಗಿ ಗಡಿಯಾರ ಮಗುಚಿದಳು. 'ಎಂ' ಇತ್ತು.

*

ಅವಳಿಗೆ ಈ ವಾರ್ಡಿನ ಹೊರಗಿನ ಬೆಂಚು ನೆನಪಾಯಿತು. ಒಳಗೆ ಅಮ್ಮ, ಹುಟ್ಟಲಿದ್ದ ತಮ್ಮ. ಹೊರಗೆ ಹೆದರಿ ಕೂತ ಪುಟ್ಟ ಹುಡುಗಿ, ತಾನು. ಅವಳ ಅಳು ಮರೆಸಲು ಸಿಸ್ಟರ್ ಪಕ್ಕದಲ್ಲಿ ಕೂತು ಹೇಳಿದ್ದರು:

"ನನ್ನ ನಿಜವಾದ ಹೆಸರು ಮಾರ್ಗರೆಟ್ ಕಣೇ. ಹಿಂದಿನವರು ಮುದ್ದಿಗೆ ಅದನ್ನ ಮೆಗ್, ಮೆಗ್ಗಿ ಅಂದ್ರು. ಆಮೇಲೆ ಪ್ರಾಸಕ್ಕೆ ಮೆಗ್ಗಿ ಹೋಗಿ ಪೆಗ್ಗಿ ಆಯ್ತು. ನೀವು ಕಾಫಿಗೀಫಿ ಅನ್ನಲ್ವಾ, ಅಂಥದ್ದೇ ಆಟ."

ಹುಡುಗಿ ನಕ್ಕಿದ್ದಳು. ಆಗಲೇ ಒಳಗಿಂದ ತಮ್ಮನ ಮೊದಲ ಅಳು ಕೇಳಿತ್ತು.

*

"ಎಂ ಅಂದ್ರೆ ಮಾರ್ಗರೆಟ್. ಪೆಗ್ಗಿ ಅನ್ನೋದು ಅದರದ್ದೇ ಮುದ್ದು ಹೆಸರು" ಎಂದಳು ಇನ್‌ಸ್ಪೆಕ್ಟರ್. "ಗಡಿಯಾರ ಅವರದ್ದೇ. ಅದಿರ್ಲಿ, ಹಿಂದೆ ಎಂ ಇದೆ ಅಂತ ನಿಮಗೆ ಹೆಂಗೆ ಗೊತ್ತು?"

ಸ್ಟೋರ್ ಕೀಪರ್ ಒಂದು ಹೆಜ್ಜೆ ಹಿಂದೆ ಸರಿದ.

"ಸಿಸ್ಟರ್ ಎದೆ ಮೇಲಿದ್ದಾಗ ಅದರ ಬೆನ್ನು ಬಟ್ಟೆಗೆ. ಪೆಟ್ಟಿಗೇಲಿ ಮಖಮಲ್ಲಿಗೆ. ಈಗ ಮೇಜಿಗೆ. ಕೈಲಿ ಹಿಡಿದು ಮಗುಚಿದವನಿಗೆ ಮಾತ್ರ ಕಾಣೋ ಅಕ್ಷರ ಅದು."

"ಬೆಳ್ಳಿ ಅಲ್ವಾ ಮೇಡಂ" ಎಂದ ಅವನು, ನೆಲ ನೋಡುತ್ತಾ. "ನಿಂತುಹೋಗಿದ್ದನ್ನ ನಡೆಯೋ ಹಂಗೆ ಮಾಡಿದ್ರೆ ಒಳ್ಳೆ ಬೆಲೆ ಬರುತ್ತೆ ಅಂತ ಆಸೆಬಿದ್ದೆ."

ಕಾನ್‌ಸ್ಟೇಬಲ್ ಅವನನ್ನು ಕರೆದೊಯ್ದ. ನರ್ಸೊಬ್ಬಳು ಕುರ್ಚಿ ಎಳೆದು ಆಯಮ್ಮನನ್ನು ಕೂರಿಸಿದಳು.

"ಆ ಹೆಸರಿಗೆ ಅರ್ಥ ಏನು ತಾಯಿ?" ಎಂದಳು ಆಯಮ್ಮ, ಇನ್‌ಸ್ಪೆಕ್ಟರ್ ಕಡೆ ತಿರುಗಿ.

"ಮಾರ್ಗರೆಟ್ ಅಂದ್ರೆ ಮುತ್ತು. ಸಮುದ್ರದ್ದು."

ಆಯಮ್ಮ ಮೇಜಿನ ಮೇಲಿನ ಗಡಿಯಾರವನ್ನು ಬೆರಳಿನಿಂದ ಸವರಿದಳು.

"ಅದಕ್ಕೇ ಇರಬೇಕು. ಹುಟ್ಟಿದ ಕೂಸಿನ ಹಣೆಗೊಂದು ಮುತ್ತಿಟ್ಟು, 'ತಗೋ, ನನ್ನ ಹೆಸರು ನಿಂಗೆ ಕೊಟ್ಟೆ' ಅಂತಿದ್ರು. ನನಗೆ ಇವತ್ತು ಅರ್ಥವಾಯ್ತು."