ಹಿಂದೆ ಬಂದ ಗಾಡಿ

ತೆಲಂಗಾಣ ಬೇರೆ ರಾಜ್ಯವಾದ ಮರುವರ್ಷದ ಚಳಿಗಾಲ. ನಾರಾಯಣಪೇಟೆಯ ನೇಕಾರ ಸಾಯಣ್ಣನ ಮಗಳು ಕರುಣಾ ಗದ್ವಾಲದವರೆಗೆ ಓಡುತ್ತೇನೆಂದು ನಿಂತಳು. ದಾಮರಗಿದ್ದದ ಬೋಳುಗುಡ್ಡದಲ್ಲಿ ಹಿಂದೆ ಇದ್ದಂತೆ ಮುತ್ತುಗ, ಇಪ್ಪೆ, ಕಮರದ ಮರಗಳನ್ನು ಬೆಳೆಸಬೇಕೆಂಬುದು ಅವಳ ಆಸೆ. ಎಲ್ಲೂ ಗಾಡಿ ಹತ್ತದೆ ಗದ್ವಾಲ ಮುಟ್ಟಿದರೆ ಸಸಿಗಳ ಖರ್ಚು ತಮ್ಮದೆಂದು ಪೇಟೆಯ ವ್ಯಾಪಾರಿಗಳು ಮಾತು ಕೊಟ್ಟಿದ್ದರು.

ಆ ಸುದ್ದಿ ಓಣಿ ದಾಟುವಷ್ಟರಲ್ಲಿ ಕೆಟ್ಟಿತು.

“ಸಾಯಣ್ಣನ ಮಗಳು ಓಡಿ ಹೋಗ್ತಾಳಂತ,” ಎಂದಳು ಪಕ್ಕದ ಮನೆಯ ನರಸಿಂಹಮ್ಮ.

“ಯಾರ ಸಂಗಾಟ?”

“ಅದೊಂದ ಯಾರೂ ಹೇಳವಲ್ರು.”

ಓಟ ಶುರುವಾಗಿ ಮಕ್ತಲ್ ಊರು ದಾಟಿದ ಮೇಲೆ ಕರುಣಾಳ ಹಿಂದೆ ಒಂದು ಮೋಟರ್ ಸೈಕಲ್ ಬರತೊಡಗಿತು. ಶಿವಕಾಂತ. ಅಪ್ಪ ನೇಯ್ದ ಸೀರೆ ಕೊಳ್ಳುವ ಅಂಗಡಿಯವರ ಮಗ. ಸೀರೆ ಮಡಿಕೆ ಬಿಚ್ಚುವಾಗ ಅವನ ಕಣ್ಣು ಅಂಚಿನ ಮೇಲೆ ನಿಲ್ಲುತ್ತಿರಲಿಲ್ಲ, ಅವಳಿಗೆ ಅದು ಗೊತ್ತಿತ್ತು, ಬೇಡವೂ ಅನ್ನಿಸಿರಲಿಲ್ಲ.

“ನೀರು ಕೊಡಾಕ ಬಂದೀನ್ರಿ,” ಎಂದ.

ಆದರೆ ಅವನ ಫೋನು ಸುಮ್ಮನಿರಲಿಲ್ಲ. ಪ್ರತಿ ಸಲ ಅವಳತ್ತ ಒಮ್ಮೆ ಕಳ್ಳನೋಟ ನೋಡಿ, ಬೇವಿನ ಮರದ ಮರೆಗೆ ಸರಿದು ಮಾತಾಡುತ್ತಿದ್ದ. “ಕಾಲು ಇನ್ನೂ ಗಟ್ಟಿ ಅದಾವ್ರಿ,” ಎಂದದ್ದು ಒಮ್ಮೆ ಅವಳಿಗೆ ಕೇಳಿಸಿತು.

“ಯಾರ್ರೀ ಅದು?”

“ಅಂಗಡಿದು.”

“ಅಂಗಡ್ಯಾಗ ನನ್ನ ಕಾಲಿನ ಸುದ್ದಿ ಯಾಕ ಬೇಕಾತು?”

ಅವನ ಕಿವಿ ಕೆಂಪಾಯಿತು. ಅವಳಿಗೆ ನೀರು ಕಹಿ ಎನಿಸಿತು. ಯಾರಿಗೆ ಹೇಳುತ್ತಾನೆ? ಮತ್ತೊಬ್ಬ ಹುಡುಗಿಗೋ? ತಾನು ಸೋಲಲೆಂದು ಕಾದಿರುವವರಿಗೋ?

ಕೃಷ್ಣೆಯ ಜುರಾಲ ಡ್ಯಾಮಿನ ಮೇಲೆ ಅವಳ ಮೀನಖಂಡ ಹಿಡಿದುಕೊಂಡಿತು. ಕೂತುಬಿಟ್ಟಳು. ಶಿವಕಾಂತ ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದ. ಅದೇ ಹೊತ್ತಿಗೆ ಫೋನು.

“ಸ್ಪೀಕರ್ ಹಾಕ್ರಿ,” ಎಂದಳು.

ಹಾಕಿದ. ಬಂದದ್ದು ಅಪ್ಪನ ದನಿ. “ಕುಂತಾಳೇನಪಾ? ಗಾಡಿ ಮ್ಯಾಲೆ ಕುಂದ್ರಿಸಿಕೊಂಡು ಬಂದುಬಿಡು. ಜನ ಏನೇನೋ ಅನ್ನಾಕಹತ್ಯಾರ.”

ಕರುಣಾ ಅವನ ಮುಖ ನೋಡಲಿಲ್ಲ. “ಕಾವಲಿಗೆ ಬಂದೀರಿ ಹಂಗಾರ.”

“ಹೌದ್ರಿ. ನನ್ನ ಕಳಸ್ರಿ ಅಂತ ಕೇಳಿದಾವ ನಾನ.” ಫೋನಿನತ್ತ ತಿರುಗಿದ. “ಆಕಿ ಗಾಡಿ ಹತ್ತಂಗಿಲ್ರಿ, ಮಾವಾರೆ. ನಾನೂ ಹತ್ತು ಅನ್ನಂಗಿಲ್ಲ.”

ಅಂಗಡಿಯಲ್ಲಿ ಯಾವತ್ತೂ ‘ಸಾಯಣ್ಣ ಕಾಕಾ’ ಎನ್ನುತ್ತಿದ್ದ ಬಾಯಿ ಅದು. ಕಾಕಾನ ಮಗಳು ತಂಗಿಯಾಗುತ್ತಾಳೆ. ಮಾವನ ಮಗಳು ಆಗುವುದಿಲ್ಲ.

 

“ನಾ ಯಾವಾಗ ಮಾವ ಆದ್ಯೋ?” ಎಂದ ಸಾಯಣ್ಣ. ಆಮೇಲೆ, ಮೆತ್ತಗೆ: “ಆ ಮಾತು ಮನ್ಯಾಗ ಕುಂತು ಆಡೋಣು. ಮೊದ್ಲು ಆಕಿಗೆ ತಿನ್ನಾಕ ಏನರ ಕೊಡು.”

ಕರುಣಾ ಮೀನಖಂಡ ತಿಕ್ಕಿಕೊಂಡು ಎದ್ದಳು. “ಇನ್ನ ಹಿಂದ ಬರಬ್ಯಾಡ್ರಿ.”

ಅವನ ಮುಖ ಸಣ್ಣದಾಯಿತು.

“ಹಿಂದಿದ್ರ ನನಗ ಸಂಶಯ ಬರತೈತಿ. ಮಗ್ಗಲಕ ಬರ್ರಿ.”

“ಗಾಡಿ?”

“ನೂಕ್ರಿ.”

“ಗದ್ವಾಲ ತನಕಾ?”

“ಮಾವಾರು ಅಂದ್ರಿ ಅಲಾ.”

ಗದ್ವಾಲದ ಕೋಟೆಯ ಮುಂದೆ ಹಾರ ಹಿಡಿದು ನಿಂತಿದ್ದವರಿಗೆ ಓಡಿ ಬಂದವರು ಯಾರೆಂದು ತಿಳಿಯಲಿಲ್ಲ. ಏದುಸಿರು ಬಿಡುತ್ತಿದ್ದವನು ಗಾಡಿ ನೂಕಿ ಬಂದ ಶಿವಕಾಂತ. ಹಾರ ಅವನ ಕೊರಳಿಗೇ ಬಿತ್ತು. ಅವನು ಅದನ್ನು ತೆಗೆದ, ಎಲ್ಲರೂ ನೋಡುತ್ತಿದ್ದಂತೆ ಕರುಣಾಳ ಕೊರಳಿಗೆ ಹಾಕಿದ.