ಗಾಯಕರು ಕೊಟ್ಟ ಅಳತೆ

ನಾನು ದರ್ಜಿ. ಅಳತೆ ತೆಗೆದು ನಾನು ಕೂಗುತ್ತೇನೆ. ಪರದೆಯ ಆಚೆ ಕೂತ ನನ್ನ ಹೆಂಡತಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ದಿನದಲ್ಲಿ ಅವಳು ನನ್ನ ಮಾತು ಕೇಳುವುದು ಅಷ್ಟು ಹೊತ್ತು ಮಾತ್ರ.

ಆ ಮಧ್ಯಾಹ್ನ ಅಂಗಡಿಗೆ ಬಂದು ನಿಂತವರು ಸಾಕ್ಷಾತ್ ಆ ಮಹಾಗಾಯಕರು! ಗಂಟಲಿನ ಆಪರೇಷನ್ನಿನಲ್ಲಿ ದನಿ ಹೋಗಿ ಏಳು ವರ್ಷವಾಗಿದ್ದ ಅವರು, ತೊಟ್ಟಿದ್ದ ಅಂಗಿ ಮುಟ್ಟಿ ತೋರಿಸಿ ನಕ್ಕರು. ಟೇಪು ಸುತ್ತಿದೆ. ಕುತ್ತಿಗೆ ಕಲ್ಲಿನಂತೆ ತಣ್ಣಗಿತ್ತು. ಭಕ್ತಿಗೆ ನನ್ನ ನಾಲಿಗೆ ಅಂಟಿಹೋಗಿ ಒಂದು ಅಂಕಿಯೂ ಹೊರಡಲಿಲ್ಲ. ಅವರ ತುಟಿ ಮಾತ್ರ ಆಡುತ್ತಿತ್ತು.

ಅವರು ಹೋದ ಮೇಲೆ ಪರದೆ ಸರಿಸಿದೆ. "ಮಾನ ಹೋಯ್ತು ಕಣೇ, ಅಳತೆಯೇ ಕೂಗಲಿಲ್ಲ."

"ನೀವ್ಯಾಕೆ ಕೂಗ್ಬೇಕು? ಅವರೇ ಹೇಳಿದ್ರಲ್ಲ! ದನಿ ಹೋಗಿದೆ ಅಂದವರ ಬಾಯಿಗೆ ಮಣ್ಣು ಹಾಕ, ಏನ್ ಕಂಠರೀ ಅದು! ನಾಳೆ ಹತ್ತಕ್ಕೆ ಅವರ ಮಗಳು ಬರ್ತಾಳಂತೆ."

ಅವಳ ಕಣ್ಣು ತುಂಬಿತ್ತು. ಪುಸ್ತಕದಲ್ಲಿ ಎಲ್ಲ ಅಳತೆಯೂ ಇತ್ತು. ಸಂಜೆಯೇ ಅಂಗಿ ಹೊಲಿದುಬಿಟ್ಟೆ.

ಮರುದಿನ ಗಾಯಕರ ಮಗಳು ಹಳೆಯ ಅಂಗಿಯೊಂದನ್ನು ಹಿಡಿದು ಬಂದಳು.

"ಇನ್ನೂ ಯಾರಿಗೂ ತಿಳಿಸಿಲ್ಲ. ಅಪ್ಪ ನಿನ್ನೆ ಬೆಳಿಗ್ಗೆ ಹೋಗ್ಬಿಟ್ರು. ಹೊಸ ಅಂಗಿ ಹಾಕಿ ಕಳಿಸ್ಬೇಕು. ಈ ಅಳತೆಗೆ ಇವತ್ತೇ ಹೊಲಿದು ಕೊಡ್ತೀರಾ?"

ಗಡಿಯಾರ ಹತ್ತು ಹೊಡೆಯುತ್ತಿತ್ತು. ಗೂಟದಲ್ಲಿದ್ದ ಹೊಸ ಅಂಗಿ ತೆಗೆದು ಹಳೆಯದರ ಮೇಲೆ ಹಾಸಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.